‘ಬ್ಯಾಂಕಾಕ್ ಏರ್‌ಪೋರ್ಟ್’ ಅಂತ ಮಾತ್ರ ಬರೆದಿರುವ ಪಿಕಪ್ ವೋಚರ್‌ಗೆ ದಯವಿಟ್ಟು ದುಡ್ಡು ಕೊಡಬೇಡಿ

ರಜೆಗೆ ಥಾಯ್ಲೆಂಡ್‌ಗೆ ಹೊರಟಿರುವವರು, ಅದರಲ್ಲೂ ಇಲ್ಲಿ ಬೆಂಗಳೂರಿನ ಏಜೆಂಟ್ ಕೈಯಲ್ಲಿ ಪಟ್ಟಾಯಕ್ಕೆ ಕಾರು, ವ್ಯಾನ್ ಬುಕ್ ಮಾಡಿಸಿರುವವರು ಇದನ್ನು ಪೂರ್ತಿ ಓದಿ. ವೋಚರ್ ಕೈಯಲ್ಲಿ ಹಿಡಿದುಕೊಂಡೇ ಓದಿ. ಅದರಲ್ಲಿ ‘ಪಿಕಪ್: ಬ್ಯಾಂಕಾಕ್ ಏರ್‌ಪೋರ್ಟ್’ ಅಂತ ಒಂದೇ ಸಾಲು ಇದ್ದರೆ ಇವತ್ತೇ ಏಜೆಂಟ್‌ಗೆ ಫೋನ್ ಮಾಡಿ ಅದನ್ನು ತಿದ್ದಿಸಿ. ನಾಳೆ ಅನ್ನಬೇಡಿ. ನಮ್ಮ ದುಡ್ಡು ಹೋಗಿದ್ದು ಆ ಒಂದು ಸಾಲಿನಿಂದ.

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣಗಳಿವೆ. ಒಂದು ಸುವರ್ಣಭೂಮಿ, ಟಿಕೆಟ್‌ನಲ್ಲಿ ಬಿಕೆಕೆ ಅಂತ ಬರುತ್ತದೆ. ಇನ್ನೊಂದು ಡಾನ್ ಮುವಾಂಗ್, ಡಿಎಂಕೆ. ಒಂದು ಊರಿನ ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ. ರಸ್ತೆಯಲ್ಲಿ ನಡುವೆ ಹೆಚ್ಚುಕಡಿಮೆ 45 ಕಿಲೋಮೀಟರ್. 2006ರಲ್ಲಿ ಸುವರ್ಣಭೂಮಿ ಶುರುವಾದಾಗ ಎಲ್ಲ ವಿಮಾನಗಳೂ ಅಲ್ಲಿಗೆ ಹೋದವು. ಮರುವರ್ಷವೇ ಡಾನ್ ಮುವಾಂಗ್ ಮತ್ತೆ ತೆರೆಯಿತು, 2012ರಲ್ಲಿ ಥಾಯ್ ಏರ್‌ಏಷ್ಯಾ ಅಲ್ಲಿಗೇ ಬಂದು ನೆಲೆಯಾಯಿತು. ನಮ್ಮ ಬೆಂಗಳೂರಿನಿಂದ ಎರಡಕ್ಕೂ ವಿಮಾನಗಳಿವೆ. ಥಾಯ್ ಏರ್‌ವೇಸ್, ಇಂಡಿಗೊ ಇಳಿಯುವುದು ಸುವರ್ಣಭೂಮಿಯಲ್ಲಿ, ಥಾಯ್ ಏರ್‌ಏಷ್ಯಾ ಇಳಿಯುವುದು ಡಾನ್ ಮುವಾಂಗ್‌ನಲ್ಲಿ. ಇದು ಗೊತ್ತಿಲ್ಲದ ಟೂರ್ ಏಜೆಂಟ್ ಬೆಂಗಳೂರಿನಲ್ಲಿ ಒಬ್ಬನೂ ಇರಲಾರ. ಗೊತ್ತಿದ್ದೂ ಬರೆಯುವುದಿಲ್ಲ, ಸಿಟ್ಟು ಬರುವುದು ಅದಕ್ಕೇ.

ನಮ್ಮ ವ್ಯವಹಾರ ಹೀಗಿತ್ತು. ದೊಡ್ಡವರು ಮಕ್ಕಳು ಸೇರಿ ಆರು ಜನ, ಅತ್ತೆಗೆ ವೀಲ್‌ಚೇರ್ ಬೇಕು, ಅದಕ್ಕೇ ವ್ಯಾನ್. ಹೋಗಿ ಬರುವ ಎರಡೂ ಬದಿಗೆ ಪೂರ್ತಿ ಹಣ ಮುಂಗಡ. ವಿಮಾನದ ಟಿಕೆಟ್ಟಿನ ಪಿಡಿಎಫ್ ಅನ್ನು ಆತನೇ ವಾಟ್ಸಾಪ್‌ನಲ್ಲಿ ಕೇಳಿ ತರಿಸಿಕೊಂಡ. ಅದರಲ್ಲಿ ಬಿಕೆಕೆ ಅಂತ ದಪ್ಪ ಅಕ್ಷರದಲ್ಲೇ ಇತ್ತು. ನೋಡಿದ್ದಾನೆ, ನೀಲಿ ಟಿಕ್ ಬಂದಿದೆ, ‘ಓಕೆ ಮೇಡಂ, ಕನ್ಫರ್ಮ್’ ಅಂತ ಉತ್ತರವೂ ಬಂದಿದೆ. ವೋಚರ್‌ನಲ್ಲಿ ಮಾತ್ರ ಬರೀ ‘ಬ್ಯಾಂಕಾಕ್ ಏರ್‌ಪೋರ್ಟ್’. ಕೆಳಗೆ ಸಣ್ಣ ಅಕ್ಷರದಲ್ಲಿ: ವಿಮಾನ ಇಳಿದ ಮೇಲೆ 60 ನಿಮಿಷ ಉಚಿತ ಕಾಯುವಿಕೆ, ಆಮೇಲೆ ‘ನೋ ಶೋ’, ಅಂದರೆ ಪ್ರಯಾಣಿಕರು ಬರಲಿಲ್ಲ ಅಂತ ಲೆಕ್ಕ, ಹಣ ವಾಪಸ್ ಇಲ್ಲ.

ಆ 60 ನಿಮಿಷದ ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅವರ ಆಟ ಇರುವುದೇ ಅದರಲ್ಲಿ. ವಿಮಾನ ನೆಲ ಮುಟ್ಟಿದ ಕೂಡಲೇ ಯಾರೂ ಹೊರಗೆ ಬರುವುದಿಲ್ಲ. ಮೊದಲು ವಿಮಾನ ಗೇಟಿಗೆ ಹೋಗಿ ನಿಲ್ಲಬೇಕು. ಸುವರ್ಣಭೂಮಿಯಲ್ಲಿ 2023ರಿಂದ ಸ್ಯಾಟ್-1 ಅನ್ನುವ ಬೇರೆ ಕಟ್ಟಡವೂ ಇದೆ. ವಿಮಾನ ಅಲ್ಲಿ ನಿಂತರೆ ನೆಲದಡಿ ಓಡುವ ಚಾಲಕನಿಲ್ಲದ ರೈಲು ಹತ್ತಿ ಮುಖ್ಯ ಕಟ್ಟಡಕ್ಕೆ ಬರಬೇಕು. ಆಮೇಲೆ ಇಮಿಗ್ರೇಷನ್ ಸಾಲು. ಬೆಳಗಿನ ಜಾವ ಭಾರತದಿಂದ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತವೆ, ಸಾಲು ಬೆಳೆಯುತ್ತದೆ. ಆಮೇಲೆ ಲಗೇಜ್ ಬೆಲ್ಟ್. ಎಲ್ಲ ಸರಿಯಾಗಿ ನಡೆದರೂ ಮುಕ್ಕಾಲು ಗಂಟೆ ಹಿಡಿದೀತು, ಒಂದೂವರೆ ಗಂಟೆ ಆದರೂ ಆಶ್ಚರ್ಯವಿಲ್ಲ. ಅಂದರೆ ನೀವಿನ್ನೂ ಬೆಲ್ಟ್ ಮುಂದೆ ನಿಂತಿರುವಾಗಲೇ ಅವರ 60 ನಿಮಿಷ ಮುಗಿಯುತ್ತಾ ಬಂದಿರುತ್ತದೆ. 90 ನಿಮಿಷ ಅಂತ ಬರೆಸಿಕೊಳ್ಳಿ. ವೀಲ್‌ಚೇರ್ ಇದ್ದರೆ ಎರಡು ಗಂಟೆ ಬರೆಸಿ. ಲೆಕ್ಕ ಶುರುವಾಗುವುದು ವಿಮಾನ ನಿಜವಾಗಿ ಇಳಿದ ಹೊತ್ತಿನಿಂದಲೋ, ಟಿಕೆಟ್‌ನಲ್ಲಿ ಅಚ್ಚಾದ ಹೊತ್ತಿನಿಂದಲೋ ಅನ್ನುವುದನ್ನೂ ಬರೆಸಿ. ವಿಮಾನ ತಡವಾದಾಗ ಎರಡಕ್ಕೂ ಬಹಳ ವ್ಯತ್ಯಾಸ.

ನಮ್ಮ ವಿಮಾನ ಇಳಿದದ್ದು ಬೆಳಗಿನ ಜಾವ 4.50ಕ್ಕೆ. ಹೊರಗೆ ಬಂದಾಗ 5.40. ಸುವರ್ಣಭೂಮಿಯಲ್ಲಿ ಆಗಮನ ಎರಡನೇ ಮಹಡಿಯಲ್ಲಿ. ಮೊದಲೇ ಬುಕ್ ಆದ ಗಾಡಿಗಳ ಡ್ರೈವರ್‌ಗಳು ಹೆಸರಿನ ಫಲಕ ಹಿಡಿದು ನಿಲ್ಲುವುದು ಸಾಮಾನ್ಯವಾಗಿ ಅದೇ ಮಹಡಿಯ ಗೇಟ್ 3ರ ಬಳಿಯ ಮೀಟಿಂಗ್ ಪಾಯಿಂಟ್‌ನಲ್ಲಿ. ಅಲ್ಲಿ ನಮ್ಮ ಹೆಸರಿನ ಫಲಕ ಇರಲಿಲ್ಲ. ವೋಚರ್‌ನಲ್ಲಿದ್ದ ಥಾಯ್ ನಂಬರ್‌ಗೆ ಮೆಸೇಜ್ ಹಾಕಿದಾಗ 5.45ಕ್ಕೆ ಉತ್ತರ ಬಂತು: ‘ಡ್ರೈವರ್ ಕಾಯುತ್ತಿದ್ದಾನೆ, ಗೇಟ್ 5.’ ಜೊತೆಗೆ ಒಂದು ಫೋಟೊ. ಫಲಕದಲ್ಲಿ ನಮ್ಮದೇ ಹೆಸರು, ಸ್ಪೆಲಿಂಗ್ ಕೂಡ ಸರಿ. ಗೇಟ್ 5 ಇಲ್ಲೂ ಇದೆಯಲ್ಲ! ವೀಲ್‌ಚೇರ್ ತಳ್ಳಿಸಿಕೊಂಡು, ಟ್ರಾಲಿಗಳನ್ನು ಎಳೆದುಕೊಂಡು ಗೇಟ್ 5ಕ್ಕೆ ಹೋದರೆ ಯಾರೂ ಇಲ್ಲ. ಕರೆ ಮಾಡಿದರೆ ಎತ್ತುವುದಿಲ್ಲ, ಅದೇ ಫೋಟೊ ಇನ್ನೊಮ್ಮೆ ಕಳಿಸುತ್ತಾರೆ.

ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ಹಿಂದಿನ ಬೋರ್ಡ್ ಕಂಡಿತು: ‘ಟರ್ಮಿನಲ್ 1’. ಸುವರ್ಣಭೂಮಿಯಲ್ಲಿ ಟರ್ಮಿನಲ್ 1, 2 ಅಂತ ಇಲ್ಲವೇ ಇಲ್ಲ. ಇರುವುದು ಒಂದು ಮುಖ್ಯ ಕಟ್ಟಡ, ಒಂದು ಸ್ಯಾಟ್-1, ಅದೂ ಹೊರಗಿನವರು ಕಾಲಿಡುವ ಜಾಗವಲ್ಲ. ಟರ್ಮಿನಲ್ 1, 2 ಇರುವುದು ಡಾನ್ ಮುವಾಂಗ್‌ನಲ್ಲಿ, 1 ಅಂತರರಾಷ್ಟ್ರೀಯ, 2 ದೇಶದೊಳಗಿನದು. ನಮ್ಮ ಹೆಸರು ಹಿಡಿದ ಮನುಷ್ಯ 45 ಕಿಲೋಮೀಟರ್ ಆಚೆ ನಿಂತಿದ್ದ! ಹೊಟ್ಟೆ ಉರಿದುಹೋಯಿತು. ಮನೆಯ ಹಿರಿಯರ ಮುಂದೆ ತಲೆ ಎತ್ತಲಾಗಲಿಲ್ಲ. ನಮಗೆ ದಾರಿ ತೋರಿಸಬೇಕು ಅಂತಿದ್ದರೆ ಆ ಫೋಟೊ ಅರ್ಧ ಗಂಟೆ ಮೊದಲೇ ಬರುತ್ತಿತ್ತು. 60 ನಿಮಿಷ ಮುಗಿಯಲು ಐದು ನಿಮಿಷ ಇದ್ದಾಗ ಬಂತು. ಅದು ‘ನೋ ಶೋ’ ಹಾಕುವುದಕ್ಕೆ ಸಾಕ್ಷಿ, ಅಷ್ಟೇ. ನಾವು ಬರಲಿಲ್ಲ ಅನ್ನುವುದಕ್ಕೆ ಸಾಕ್ಷಿ!

ಸರಿಯಾಗಿ 5.50ಕ್ಕೆ ಮೆಸೇಜ್ ಬಂತು. ‘ನೋ ಶೋ. ಡ್ರೈವರ್ ಹೊರಟ.’

ಬೆಂಗಳೂರಿನ ಏಜೆಂಟ್‌ಗೆ ಕರೆ ಮಾಡಿದರೆ ಫೋನ್ ರಿಂಗ್ ಆಗುತ್ತಲೇ ಇತ್ತು. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ಆರು ಗಂಟೆ ಅಂದರೆ ಇಲ್ಲಿ ನಾಲ್ಕೂವರೆ. ‘24 ಗಂಟೆ ಸಪೋರ್ಟ್’ ಅಂತ ಬರೆದುಕೊಂಡವನು ಆ ಹೊತ್ತಿಗೆ ಎದ್ದಿರಬೇಕಲ್ಲವೇ? ಕೊನೆಗೆ ಎತ್ತಿದಾಗ ಆಡಿದ ಮಾತುಗಳನ್ನು ಹಾಗೇ ಬರೆಯುತ್ತೇನೆ.

‘ಮೇಡಂ, ಡ್ರೈವರ್ ಬಂದಿದ್ನಲ್ಲ, ಫೋಟೊ ಇದೆ ನನ್ನ ಹತ್ರ.’

ಅದು ಡಾನ್ ಮುವಾಂಗ್, ನಾವಿರುವುದು ಸುವರ್ಣಭೂಮಿ ಅಂದರೆ: ‘ಎರಡೂ ಬ್ಯಾಂಕಾಕ್ ಏರ್‌ಪೋರ್ಟೇ ಅಲ್ವಾ ಮೇಡಂ? ವೋಚರ್ ನೋಡ್ಕೊಂಡು ನೀವೇ ಹೇಳ್ಬೇಕಿತ್ತು.’

ಟಿಕೆಟ್ ಕಳಿಸಿದ್ದೇವಲ್ಲ, ಬಿಕೆಕೆ ಅಂತ ಇದೆಯಲ್ಲ ಅಂದರೆ: ‘ಟಿಕೆಟ್ ನಾವು ಹೆಸರಿಗೆ, ಟೈಮಿಗೆ ಮಾತ್ರ ನೋಡೋದು ಮೇಡಂ.’

ಹೆಸರಿಗೆ, ಟೈಮಿಗೆ ಮಾತ್ರ ನೋಡುವುದಂತೆ! ಎಲ್ಲಿ ಇಳಿಯುತ್ತೇವೆ ಅಂತ ನೋಡದೆ ಗಾಡಿ ಕಳಿಸುತ್ತಾರಂತೆ!

ಆಮೇಲೆ ಬಂದದ್ದು ಅಸಲಿ ಮಾತು: ‘ಇನ್ನೊಂದು ವ್ಯಾನ್ ಅರೇಂಜ್ ಮಾಡ್ತೀನಿ ಮೇಡಂ, 2,500 ಬಾತ್ ಡ್ರೈವರ್ ಕೈಗೆ ಕ್ಯಾಶ್ ಕೊಟ್ಬಿಡಿ.’ ಮೊದಲು ಕೊಟ್ಟ ಹಣ ಏನಾಯಿತು ಅಂದರೆ, ‘ಅದು ಸಪ್ಲೈಯರ್‌ಗೆ ಹೋಗಿದೆ, ನನ್ನ ಕೈಯಲ್ಲಿಲ್ಲ.’ ದುಡ್ಡು ತೆಗೆದುಕೊಳ್ಳುವಾಗ ‘ನಮ್ಮದೇ ಗಾಡಿ, ನಮ್ಮದೇ ಡ್ರೈವರ್’ ಅಂದಿದ್ದ. ಎಡವಟ್ಟಾದ ಕೂಡಲೇ ಯಾರೋ ಸಪ್ಲೈಯರ್. ಇಂಥ ಏಜೆಂಟರು ಮಾಡುವುದು ಇಷ್ಟೇ: ಅಲ್ಲಿನ ಕಂಪನಿಗೆ ಒಂದು ಸಾಲು ಟೈಪ್ ಮಾಡಿ ಕಳಿಸುತ್ತಾರೆ, ಆ ಕಂಪನಿ ಇನ್ನೊಬ್ಬ ಗಾಡಿ ಮಾಲೀಕನಿಗೆ ದಾಟಿಸುತ್ತದೆ. ನಿಮ್ಮ ಫ್ಲೈಟ್ ನಂಬರ್ ಆ ಡ್ರೈವರ್‌ವರೆಗೆ ತಲುಪುವುದೇ ಇಲ್ಲ. ತಲುಪಿದ್ದರೆ ಯಾವ ನಿಲ್ದಾಣ ಅಂತ ಅವನೇ ನೋಡಿಕೊಳ್ಳುತ್ತಿದ್ದ.

ಆ 2,500 ಬಾತ್ ಕೊಡಬೇಡಿ. ಯಾರಿಗೇ ಹೀಗಾದರೂ ಅದನ್ನು ಮಾತ್ರ ಕೊಡಬೇಡಿ. ಗಾಬರಿಯಲ್ಲಿ ಕೊಟ್ಟುಬಿಡುತ್ತಾರೆ ಅಂತ ಅವರಿಗೆ ಗೊತ್ತು. ಸುವರ್ಣಭೂಮಿಯಿಂದ ಹೊರಡುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಎರಡನೇ ಮಹಡಿಯಲ್ಲೇ ಲಿಮೋಸಿನ್ ಕೌಂಟರ್‌ಗಳಿವೆ. ಮೀಟರ್ ಟ್ಯಾಕ್ಸಿಗಿಂತ ದುಬಾರಿ, ಆದರೆ ದರ ಮೊದಲೇ ಹೇಳುತ್ತಾರೆ, ರಸೀದಿ ಕೊಡುತ್ತಾರೆ, ವ್ಯಾನ್ ಸಿಗುತ್ತದೆ. ನಾವು ಹೋದದ್ದು ಹಾಗೇ. ಮೀಟರ್ ಟ್ಯಾಕ್ಸಿ ಬೇಕಾದರೆ ಒಂದನೇ ಮಹಡಿಗೆ ಇಳಿಯಿರಿ. ಅಲ್ಲಿ ಯಂತ್ರದಿಂದ ಚೀಟಿ ಬರುತ್ತದೆ, ಅದರಲ್ಲಿರುವ ಲೇನ್ ನಂಬರ್‌ಗೆ ಹೋಗಿ ನಿಲ್ಲಬೇಕು. ಆ ಚೀಟಿ ಡ್ರೈವರ್‌ಗೆ ಕೊಡದೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ದೂರು ಕೊಡಬೇಕಾದರೆ ಅದೇ ಆಧಾರ. ಮೀಟರ್ ಮೇಲೆ 50 ಬಾತ್ ಏರ್‌ಪೋರ್ಟ್ ಶುಲ್ಕ ಇರುತ್ತದೆ, ಎಕ್ಸ್‌ಪ್ರೆಸ್‌ವೇ ಟೋಲ್ ನಮ್ಮದು. ಇದು ಮೋಸವಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಪಟ್ಟಾಯ ಸುಮಾರು 120 ಕಿಲೋಮೀಟರ್, ಅಷ್ಟು ದೂರಕ್ಕೆ ಡ್ರೈವರ್‌ಗಳು ಒಟ್ಟು ಮೊತ್ತ ಹೇಳುತ್ತಾರೆ. ಟೋಲ್ ಸೇರಿದೆಯೇ ಅಂತ ಹತ್ತುವ ಮೊದಲೇ ಕೇಳಿ. ಹಗಲಾದರೆ ಒಂದನೇ ಮಹಡಿಯ ಗೇಟ್ 8ರ ಬಳಿ ಪಟ್ಟಾಯದ ಬಸ್ ಕೌಂಟರ್ ಇದೆ, ತಲೆಗೆ 150 ಬಾತ್ ಆಸುಪಾಸು. ಬೆಳಗಿನ ಜಾವ ಆ ಬಸ್ ಇರುವುದಿಲ್ಲ. ಬ್ಯಾಂಕಾಕ್ ಊರೊಳಗೆ ಹೋಗುವವರಾದರೆ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ರೈಲಿದೆ, ಫಯಾ ಥಾಯ್‌ವರೆಗೆ 45 ಬಾತ್. ಆಗಮನದ ಜಾಗದಲ್ಲಿ ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಮೇಲೆ ಬೀಳುವವರ ಹಿಂದೆ ಹೋಗಬೇಡಿ.

ದಿನಾಂಕದ ಬಗ್ಗೆಯೂ ಹೇಳಲೇಬೇಕು. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಅಲ್ಲಿ ಇಳಿಯುವುದು ಮರುದಿನ. 13ರ ರಾತ್ರಿ 11.50ಕ್ಕೆ ಹೊರಟರೆ ಇಳಿಯುವುದು 14ರ ಬೆಳಗಿನ ಜಾವ. ವೋಚರ್‌ನಲ್ಲಿ ಪಿಕಪ್ 13 ಅಂತ ಇದ್ದರೆ ಡ್ರೈವರ್ ಹಿಂದಿನ ದಿನವೇ ಬಂದು ಹೋಗಿರುತ್ತಾನೆ, ಅದಕ್ಕೂ ‘ನೋ ಶೋ’. ನಮ್ಮ ವೋಚರ್‌ನಲ್ಲಿ ಮೊದಲು ಹೀಗೇ ಬಂದಿತ್ತು, ಜಗಳವಾಡಿ ಸರಿ ಮಾಡಿಸಿದ್ದೆವು. ಅದನ್ನು ತಿದ್ದಿದ ಮನುಷ್ಯ ನಿಲ್ದಾಣದ ಹೆಸರು ಮಾತ್ರ ಬರೆಯಲಿಲ್ಲ ನೋಡಿ!

ಗಾಡಿಯ ಬಗ್ಗೆ ‘ವ್ಯಾನ್ ಅಥವಾ ತತ್ಸಮಾನ’ ಅಂತ ಇದ್ದರೆ ಒಪ್ಪಬೇಡಿ. ಎಷ್ಟು ಜನ, ಎಷ್ಟು ದೊಡ್ಡ ಸೂಟ್‌ಕೇಸ್ ಅಂತ ಬರೆಸಿ. ಅಲ್ಲಿನ ಎಷ್ಟೋ ಟ್ಯಾಕ್ಸಿ ಕಾರುಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತದೆ, ಎರಡು ದೊಡ್ಡ ಸೂಟ್‌ಕೇಸ್ ಇಟ್ಟರೆ ಮುಗಿಯಿತು. ಡ್ರೈವರ್‌ನ ಥಾಯ್ ನಂಬರ್, ಗಾಡಿ ನಂಬರ್ ಹಿಂದಿನ ಸಂಜೆಯೇ ಬರಬೇಕು. ಅಲ್ಲಿ ಹೆಚ್ಚಿನವರು ಬಳಸುವುದು ವಾಟ್ಸಾಪ್ ಅಲ್ಲ, ಲೈನ್ ಆಪ್. ಇಲ್ಲೇ ಹಾಕಿಕೊಂಡು ಒಂದು ಮೆಸೇಜ್ ಕಳಿಸಿ ನೋಡಿ, ಉತ್ತರ ಬರುತ್ತದೋ ಇಲ್ಲವೋ ಗೊತ್ತಾಗಲಿ. ಪಿಕಪ್ ಸಾಲಿನಲ್ಲಿ ನಿಲ್ದಾಣದ ಪೂರ್ತಿ ಹೆಸರು, ಮಹಡಿ, ಗೇಟ್, ಫ್ಲೈಟ್ ನಂಬರ್ ನಾಲ್ಕೂ ಇರಬೇಕು. ನಾಲ್ಕೂ.

ವಾಪಸ್ ಬರುವ ಟ್ರಿಪ್ ಬೇಡ, ಆ ಅರ್ಧ ಹಣವಾದರೂ ಕೊಡಿ ಅಂದದ್ದಕ್ಕೆ ಉತ್ತರ: ‘ಪ್ಯಾಕೇಜ್ ಮೇಡಂ, ಅರ್ಧ ಕ್ಯಾನ್ಸಲ್ ಆಗಲ್ಲ.’ ವಾಪಸ್ ದಿನ ವ್ಯಾನ್ ಬಂತು. ಹತ್ತುವ ಮೊದಲೇ ‘ಸುವರ್ಣಭೂಮಿ, ಬಿಕೆಕೆ’ ಅಂತ ಫೋನಿನಲ್ಲಿ ತೋರಿಸಿ, ಡ್ರೈವರ್ ಹೂಂ ಅಂದ ಮೇಲೆಯೇ ಲಗೇಜ್ ಹಾಕಿಸಿದ್ದು. ಇಳಿಯುವಾಗ ಟೋಲ್ ಹಣ ಬೇರೆ ಕೇಳಿದ. ವೋಚರ್‌ನಲ್ಲಿ ‘ಎಲ್ಲ ಸೇರಿ’ ಅಂತ ಇತ್ತು. ಏಜೆಂಟ್‌ನ ಮಾತು: ‘ಎಲ್ಲ ಅಂದ್ರೆ ಪೆಟ್ರೋಲ್, ಪಾರ್ಕಿಂಗ್ ಮೇಡಂ, ಟೋಲ್ ಅಲ್ಲ.’

ಮುಂಗಡ ಯುಪಿಐನಲ್ಲಿ ಕಳಿಸಬೇಡಿ, ಅದರಲ್ಲೂ ಅಂಗಡಿ ಹೆಸರು ಬಿಟ್ಟು ಯಾರದೋ ಸ್ವಂತ ಹೆಸರು ತೋರಿಸಿದರೆ ಕಳಿಸಲೇಬೇಡಿ. ಕ್ರೆಡಿಟ್ ಕಾರ್ಡ್ ಆದರೆ ಸೇವೆ ಸಿಗಲಿಲ್ಲ ಅಂತ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಜಿಎಸ್‌ಟಿ ಬಿಲ್ ಕೇಳಿ. ಹೀಗಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದಾವೆ ಹಾಕಬಹುದು, ನೀವು ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಥಾಯ್ಲೆಂಡ್‌ನಲ್ಲೇ ಇರುವಾಗ ಡ್ರೈವರ್ ತಂಟೆ ಮಾಡಿದರೆ ಟೂರಿಸ್ಟ್ ಪೊಲೀಸ್ 1155. ನೀಲಿ ಟಿಕ್ ಬಂದ ಚಾಟ್, ಫಲಕದ ಫೋಟೊ, ಆ ಫೋಟೊ ಬಂದ ಹೊತ್ತು, ಹೊರಗೆ ಬಂದ ಮೇಲೆ ನೀವು ನಿಂತ ಗೇಟಿನ ಫೋಟೊ ಎಲ್ಲ ಉಳಿಸಿಕೊಳ್ಳಿ. ಚಾಟ್ ಅನ್ನು ಅವರು ತಮ್ಮ ಕಡೆಯಿಂದ ಡಿಲೀಟ್ ಮಾಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ.

ನಮ್ಮ ದೂರು ದಾಖಲಾಗಿದೆ. ಹಣ ಬಂದಿಲ್ಲ. ದೂರಿನ ನಂಬರ್ ಕಳಿಸಿದ ಮೇಲೆ ಏಜೆಂಟ್‌ನಿಂದ ಬಂದ ಉತ್ತರ ಇದು: ‘ಮುಂದಿನ ಟ್ರಿಪ್‌ನಲ್ಲಿ ಅಡ್ಜಸ್ಟ್ ಮಾಡ್ಕೊಡ್ತೀನಿ ಮೇಡಂ, ಯಾಕೆ ಸುಮ್ನೆ ಕಂಪ್ಲೇಂಟ್ ಎಲ್ಲ.’