ನ್ಯೂಯಾರ್ಕಿನ ಪುಂಡರ ಗುಂಪುಗಳು: ಮೂರು ಹಳೆಯ ಚಿತ್ರಗಳನ್ನು ತಿದ್ದಿ ನೋಡಿದೆ

ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನ ಬೀದಿ ಗ್ಯಾಂಗುಗಳ ಬಗ್ಗೆ ಎಲ್ಲೇ ಓದಿದರೂ ಅವೇ ಮೂರು ಚಿತ್ರ ಎದುರಾಗುತ್ತವೆ. ಜನ, ಹಂದಿ, ಅಂಗಡಿ ಎಲ್ಲ ಕಿಕ್ಕಿರಿದ ಬಣ್ಣದ ಬೀದಿ ಒಂದು. ಅಡ್ಡಗಟ್ಟೆಯ ಹಿಂದೆ ನಿಂತು ಹೊಡೆದಾಡುವ ಗುಂಪು ಇನ್ನೊಂದು. ಓಣಿಯಲ್ಲಿ ನಿಂತು ನಮ್ಮನ್ನೇ ದಿಟ್ಟಿಸುವ ಗಂಡಸರ ಫೋಟೋ ಮತ್ತೊಂದು. ಮೂರೂ ಒಂದೇ ಕಾಲದ್ದು ಅನ್ನುವ ಹಾಗೆ ಅಕ್ಕಪಕ್ಕ ಹಾಕಿಬಿಡುತ್ತಾರೆ. ನಾನೂ ಹಾಗೇ ನೋಡಿಕೊಂಡು ಬಂದಿದ್ದೆ.

ಈ ಸಲ ಮೂರನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಮೇಲೆ ಬಟರ್ ಪೇಪರ್ ಇಟ್ಟು, ಮಕ್ಕಳು ಅಕ್ಷರ ತಿದ್ದುವ ಹಾಗೆ ಪೆನ್ಸಿಲಿನಲ್ಲಿ ತಿದ್ದಿದೆ. ಒಂದೊಂದಕ್ಕೆ ಒಂದು ವಾರ. ಗ್ಯಾಂಗಿನವರು ನಿಜಕ್ಕೂ ಹೇಗಿದ್ದರು ಅನ್ನುವುದನ್ನು ಯಾವ ಚಿತ್ರ ಚೆನ್ನಾಗಿ ಹೇಳುತ್ತದೆ? ನನಗೆ ಬೇಕಿದ್ದದ್ದು ಇಷ್ಟೇ. ಕಣ್ಣು ಬೇಗ ಮುಂದೆ ಓಡುತ್ತದೆ. ಕೈ ಓಡುವುದಿಲ್ಲ.

ಬಣ್ಣದ್ದರಿಂದ ಶುರು ಮಾಡಿದೆ. ಅದು 1827ರ ಫೈವ್ ಪಾಯಿಂಟ್ಸ್. ಸಾಮಾನ್ಯವಾಗಿ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ಹೆಸರಿನಲ್ಲಿ ಸಿಗುತ್ತದೆ. ಮ್ಯಾನ್‌ಹ್ಯಾಟನ್ನಿನ ದಕ್ಷಿಣ ಭಾಗದಲ್ಲಿ ಬೀದಿಗಳು ಕೂಡಿ ಐದು ಮೂಲೆಗಳಾದ ಜಾಗ ಅದು. ಕಲೆಕ್ಟ್ ಪಾಂಡ್ ಅನ್ನುವ ಕೆರೆಯನ್ನು ಮುಚ್ಚಿ ಮಾಡಿದ ನೆಲ. ನೆಲ ಕುಸಿಯಿತು, ಮನೆಗಳು ವಾಲಿದವು, ತೇವ ಹೋಗಲಿಲ್ಲ. ಅನುಕೂಲ ಇದ್ದವರು ಜಾಗ ಬಿಟ್ಟರು. ಐರ್ಲೆಂಡಿನಿಂದ ಬಂದ ಬಡವರು, ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನ ಅಲ್ಲಿ ನೆಲೆಸಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾದದ್ದು ಇದೇ 1827ರ ಜುಲೈ 4ರಂದು. ಅದು ಗೊತ್ತಿದ್ದು ನೋಡಿದರೆ, ಚಿತ್ರದಲ್ಲಿ ಕಪ್ಪು ಜನ, ಬಿಳಿ ಜನ ಒಂದೇ ಬೀದಿಯಲ್ಲಿ ಬೆರೆತಿರುವುದು ಬೇರೆಯೇ ಅನ್ನಿಸುತ್ತದೆ.

ತಿದ್ದುವುದಕ್ಕೆ ಇದು ಅತಿ ಸುಲಭ. ಆಕೃತಿಗಳು ಸಣ್ಣವು, ಗೆರೆ ಸರಳ. ಕೈಗೆ ಮೊದಲು ಸಿಕ್ಕಿದ್ದು ಅಂಗಡಿಗಳ ಬೋರ್ಡು. ಗ್ರೋಸರಿ, ಗ್ರೋಸರಿ ಅಂತ ಮತ್ತೆ ಮತ್ತೆ. ಆಗಿನ ಗ್ರೋಸರಿಯಲ್ಲಿ ದಿನಸಿಗಿಂತ ಹೆಂಡದ ವ್ಯಾಪಾರವೇ ಜಾಸ್ತಿ. ಹೊಡೆದಾಟವೂ ಇದೆ. ಆದರೆ ಅದು ಕುಡಿದವರ ಜಗಳ. ಎರಡು ಪಕ್ಷ ಇಲ್ಲ, ಗುರುತು ಇಲ್ಲ, ಮುಂದಾಳು ಇಲ್ಲ. ಗ್ಯಾಂಗ್ ಅನ್ನುವುದೇ ಇಲ್ಲಿ ಕಾಣಲಿಲ್ಲ. ಇನ್ನೊಂದು ವಿಷಯ. ಈ ನೋಟ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಜನರಿಗೆ ಸಿಕ್ಕಿದ್ದು 1855ರಲ್ಲಿ, ನಗರಸಭೆಯ ವಾರ್ಷಿಕ ಕೈಪಿಡಿಯಲ್ಲಿ. ಅಷ್ಟರಲ್ಲಿ ಫೈವ್ ಪಾಯಿಂಟ್ಸ್ ಅಂದರೆ ಭಯಪಡುವ ಹೆಸರಾಗಿತ್ತು. 28 ವರ್ಷ ಹಳೆಯ ಬೀದಿಯನ್ನು ಆ ಭಯದ ಕಣ್ಣಿನಲ್ಲಿ ನೋಡಿದರು. ಗ್ಯಾಂಗಿನ ಚಿತ್ರ ಅಂತ ಇದನ್ನು ಹಾಕುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗ್ಯಾಂಗ್ ಹುಟ್ಟಿದ ನೆಲ ಹೇಗಿತ್ತು ಅಂತ ತೋರಿಸಲು ಮಾತ್ರ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಎರಡನೆಯದಕ್ಕೆ ಒಂದು ವಾರ ಸಾಲಲಿಲ್ಲ, ಹತ್ತು ದಿನ ಹಿಡಿಯಿತು. ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆಯಲ್ಲಿ 1857ರ ಜುಲೈ 18ರಂದು ಬಂದ ಮರದ ಅಚ್ಚು. ಬೇಯರ್ಡ್ ಬೀದಿಯ ಅಡ್ಡಗಟ್ಟೆ, ಡೆಡ್ ರ‍್ಯಾಬಿಟ್ಸ್ ಗುಂಪಿನ ಕಡೆಯಿಂದ ಕಂಡಂತೆ. ನಮ್ಮ ಕಲಾವಿದ ಖುದ್ದು ಅಲ್ಲಿದ್ದು ಬರೆದದ್ದು ಅನ್ನುತ್ತದೆ ಅಡಿಬರಹ.

ಆ ಗಲಾಟೆಗೆ ಹಿನ್ನೆಲೆ ಇದೆ. ಆ ವರ್ಷ ನಗರದಲ್ಲಿ ಎರಡು ಪೊಲೀಸ್ ದಳ. ರಾಜ್ಯ ಸರ್ಕಾರ ಮೆಟ್ರೊಪಾಲಿಟನ್ ದಳ ಕಟ್ಟಿತು. ಮೇಯರ್ ಫರ್ನಾಂಡೊ ವುಡ್ ತನ್ನ ಮುನಿಸಿಪಲ್ ದಳ ಬಿಡಲು ಒಪ್ಪಲಿಲ್ಲ. ಜೂನ್‌ನಲ್ಲಿ ಸಿಟಿ ಹಾಲ್ ಎದುರು ಪೊಲೀಸರೇ ಪೊಲೀಸರ ಜೊತೆ ಹೊಡೆದಾಡಿದರು. ಜುಲೈ ಮೊದಲ ವಾರದಲ್ಲಷ್ಟೇ ಹಳೆಯ ದಳ ಚದುರಿತ್ತು. ಜುಲೈ 4 ಮತ್ತು 5ರಂದು ಡೆಡ್ ರ‍್ಯಾಬಿಟ್ಸ್ ಅನ್ನಿಸಿಕೊಂಡ ಫೈವ್ ಪಾಯಿಂಟ್ಸ್ ಕಡೆಯವರಿಗೂ ಹತ್ತಿರದ ಬೌವರಿ ಬೀದಿಯ ಬೌವರಿ ಬಾಯ್ಸ್ ಗುಂಪಿಗೂ ಕಾಳಗ ನಡೆಯಿತು. 8 ಜನ ಸತ್ತರು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ.

ಈ ಚಿತ್ರದ ಒಳಗುಟ್ಟು ಕೈಗೆ ಸಿಕ್ಕಿದ್ದು ಲೆನ್ಸ್ ಇಟ್ಟಾಗ. ಗಟ್ಟಿಯಾದ ಬಾಕ್ಸ್‌ವುಡ್ ಮರದ ತುಂಡುಗಳು ಸಣ್ಣವು. ದೊಡ್ಡ ಚಿತ್ರ ಬೇಕಾದರೆ ಹಲವು ತುಂಡು ಜೋಡಿಸಿ ಬೋಲ್ಟ್ ಹಾಕುತ್ತಿದ್ದರು. ಅದರ ಮೇಲೆ ಚಿತ್ರ ಬರೆದು, ತುಂಡುಗಳನ್ನು ಬಿಚ್ಚಿ, ಒಬ್ಬೊಬ್ಬ ಕೆತ್ತುವವನಿಗೆ ಒಂದೊಂದು ಕೊಡುತ್ತಿದ್ದರು. ಬೇಗ ಮುಗಿಯಬೇಕಲ್ವಾ, ಸುದ್ದಿ ಹಳತಾಗುತ್ತದೆ. ಆಮೇಲೆ ಮತ್ತೆ ಜೋಡಣೆ. ಹಾಗಾಗಿ ಇದು ಒಬ್ಬನ ಕಣ್ಣು ಕಂಡದ್ದಲ್ಲ. ಕಾಳಗವನ್ನು ಕಂಡೇ ಇರದ ಎಷ್ಟೋ ಕೈಗಳ ಕೆಲಸ. ತಿದ್ದುತ್ತಾ ಹೋದಂತೆ ಮುಖಗಳು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಅನ್ನಿಸಿದವು. ಮೈಯ ಬಾಗು, ಎತ್ತಿದ ತೋಳು ಮಾತ್ರ ಒಂದೊಂದೂ ಬೇರೆ. ಅಲ್ಲಿ ನಿಜ ಇದೆ. ಬೀದಿ ಕಾಳಗ ಹೇಗೆ ನಡೆಯುತ್ತದೆ, ಅಡ್ಡಗಟ್ಟೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕೆ ಸಾಟಿ ಇಲ್ಲ. ಆದರೆ ಡೆಡ್ ರ‍್ಯಾಬಿಟ್ಸ್ ಅನ್ನುವ ಹೆಸರಿನ ಗ್ಯಾಂಗೇ ಇತ್ತೋ ಇಲ್ಲವೋ ಅಂತ ಇತಿಹಾಸಕಾರರಲ್ಲೇ ಅನುಮಾನ ಇದೆ. ಪತ್ರಿಕೆಗಳು ಅಂಟಿಸಿದ ಹೆಸರು ಇರಬಹುದು. ಆ ಬಡಪಾಯಿಗಳಿಗೆ ಹೆಸರನ್ನೂ ಬೇರೆಯವರೇ ಕೊಟ್ಟರು, ಮುಖವನ್ನೂ ಬೇರೆಯವರೇ ಕೊಟ್ಟರು. ಇದು ನನಗೆ ತುಂಬಾ ನೋವು ಮಾಡಿತು.

ಮೂರನೆಯದು ಪತ್ರಕರ್ತ ಜೇಕಬ್ ರೀಸ್ ಹೆಸರಿನ ಫೋಟೋ, ಬ್ಯಾಂಡಿಟ್ಸ್ ರೂಸ್ಟ್. 1888, ಮಲ್ಬರಿ ಬೀದಿಯ 59½ ನಂಬರಿನ ಓಣಿ. ನನ್ನ ಮೊದಲ ಪ್ರಿಂಟ್ ತೀರಾ ಕಪ್ಪಾಗಿ ಬಂತು, ಓಣಿಯ ಹಿಂಭಾಗವೇ ಮಾಯ. ಎರಡನೇ ಸಲ ಸರಿಯಾಗಿ ಬಂದಾಗ ಮೇಲೆ ಒಣಗಲು ಹಾಕಿದ ಬಟ್ಟೆಗಳು ಕಂಡವು. ಪುಂಡರ ಅಡ್ಡೆ ಅನ್ನುವ ಜಾಗದಲ್ಲಿ ಯಾರದೋ ಮನೆಯ ಒಗೆದ ಬಟ್ಟೆ! ಮುಂದೆ ಕೋಲು ಹಿಡಿದವನು, ಮೆಟ್ಟಿಲ ಮೇಲೆ ನಿಂತವರು, ಕಿಟಕಿಯಿಂದ ಬಗ್ಗಿ ನೋಡುವ ಹೆಂಗಸರು. 1827ರ ಚಿತ್ರದಲ್ಲೂ ಹೆಂಗಸರು ಹೀಗೇ ಕಿಟಕಿಯಿಂದ ಬಗ್ಗಿದ್ದಾರೆ. ಎರಡರ ನಡುವೆ 61 ವರ್ಷ.

ಇಲ್ಲಿ ತಿದ್ದುವುದು ಕಷ್ಟ. ಗೆರೆಯೇ ಇಲ್ಲ, ಬರೀ ನೆರಳು ಬೆಳಕು. ಆದರೆ ಒಂದೊಂದು ಮುಖವೂ ಒಬ್ಬೊಬ್ಬನದು. ಹಾಗಂತ ಫೋಟೋ ಗೆದ್ದಿತು ಅನ್ನಲಾರೆ. ಎಲ್ಲರೂ ಕ್ಯಾಮೆರಾ ಕಡೆ ತಿರುಗಿದ್ದಾರೆ, ತಮ್ಮನ್ನು ನೋಡುತ್ತಿದ್ದಾರೆ ಅಂತ ಗೊತ್ತಿದ್ದು ನಿಂತಿದ್ದಾರೆ. ಗ್ಯಾಂಗಿನ ಕೆಲಸ ಇಲ್ಲಿ ಕಾಣುವುದಿಲ್ಲ, ನಿಲುವು ಕಾಣುತ್ತದೆ. 1890ರಲ್ಲಿ ಇಂಥ ಬಡ ಓಣಿಗಳ ಬಗ್ಗೆ ರೀಸ್ ಬರೆದ ಪುಸ್ತಕ ಬಂದಾಗಲೂ ಓದುಗರಿಗೆ ಹಲವು ಫೋಟೋಗಳು ಸಿಕ್ಕಿದ್ದು ಕೈಯಲ್ಲಿ ಮತ್ತೆ ಬರೆದ ಚಿತ್ರಗಳಾಗಿ. ಅಂದರೆ ಅಲ್ಲೂ ನಡುವೆ ಇನ್ನೊಂದು ಕೈ.

ಒಂದೇ ಚಿತ್ರ ಆರಿಸಬೇಕು ಅಂದರೆ ನಾನು ಇವು ಮೂರನ್ನೂ ಬಿಟ್ಟು ರೀಸ್‌ನ ಇನ್ನೊಂದು ಫೋಟೋ ತೆಗೆದುಕೊಳ್ಳುತ್ತೇನೆ. ನದಿ ದಂಡೆಯ ಕಟ್ಟೆಯಲ್ಲಿ ಸಿಕ್ಕ ಹುಡುಗರು. ಗ್ರೌಲರ್ ಗ್ಯಾಂಗ್ ಅಂತ ಕರೆಯುತ್ತಿದ್ದರು. ಗ್ರೌಲರ್ ಅಂದರೆ ಬಿಯರ್ ತರುವ ತಗಡಿನ ಡಬ್ಬ. ಕುಡಿದು ಬಿದ್ದವನ ಜೇಬು ಹೇಗೆ ಖಾಲಿ ಮಾಡುತ್ತೇವೆ ಅಂತ ಅವರೇ ಮಾಡಿ ತೋರಿಸಿದರು. ಕೇಳಿದ ಕೂಡಲೇ ಖುಷಿಯಿಂದ ಒಪ್ಪಿದರು ಅಂತ ರೀಸ್ ಬರೆದ. ನಾಟಕವೇ ಹೌದು, ಆದರೆ ಆಡಿದವರು ಅವರೇ. ಈಗ ಮೇಜಿನ ಮೇಲೆ ಅದೇ ಇದೆ. ಮುಖಗಳು ಮುಗಿದಿವೆ, ಕೈಗಳನ್ನು ತಿದ್ದುವುದು ಬಾಕಿ.