52 ಎಂಎಂ ಬೂಸ್ಟ್ ಗೇಜ್ ಕಿಟ್: ಡಯಲ್ ಇಟ್ಕೊಳ್ಳಿ, ಪೈಪು ಬಿಸಾಕಿ

ಆನ್‌ಲೈನಿನಲ್ಲಿ ಎರಡು ಸಾವಿರದೊಳಗೆ, ದಿನಕ್ಕೊಂದು ಹೆಸರಿನಲ್ಲಿ ಸಿಗುವ ಮೆಕ್ಯಾನಿಕಲ್ ಬೂಸ್ಟ್ ಗೇಜ್ ಕಿಟ್ ಇದು. ಬೂಸ್ಟ್ ಅಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ. ಡಬ್ಬಿ ಬಿಚ್ಚಿದರೆ ಒಂದು ಡಯಲ್, ಯು ಆಕಾರದ ಕ್ಲ್ಯಾಂಪು, ಎರಡು ನಟ್ಟು, ಎರಡು ಮೀಟರಿನಷ್ಟು ಕಪ್ಪು ಪೈಪು, ಒಂದು ಪ್ಲಾಸ್ಟಿಕ್ ಟೀ (ಪೈಪಿನಿಂದ ಕವಲು ತೆಗೆಯುವ ಮೂರು ಬಾಯಿಯ ತುಂಡು), ಲೈಟಿನ ವೈರು. ಜೊತೆಗಿರುವ ಚೀಟಿ ಹೇಳುವುದು ಒಂದೇ ಮಾತು: ಎಂಜಿನ್ನಿನ ವ್ಯಾಕ್ಯೂಮ್ ಪೈಪು ಕತ್ತರಿಸಿ ಟೀ ಹಾಕಿ. ಬಳ್ಳಾರಿಯಲ್ಲಿ ಓಡುವ ಟರ್ಬೊ ಗಾಡಿಗಳಲ್ಲಿ ಡೀಸೆಲ್ಲೇ ಹೆಚ್ಚು. ಡೀಸೆಲ್ಲಿಗೆ ಆ ಮಾತು ಪೂರಾ ತಪ್ಪು.

ಮೊದಲು ಡಯಲ್ ಬಗ್ಗೆ, ಯಾಕೆಂದರೆ ಹೊಗಳಬೇಕಾದದ್ದು ಅದೊಂದೇ. ಒಳಗಿರುವುದು ಬಗ್ಗಿಸಿದ ಹಿತ್ತಾಳೆ ಕೊಳವೆ. ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಪಂಕ್ಚರ್ ಅಂಗಡಿಯ ಗೇಜಿನಲ್ಲಿರುವುದೂ ಇದೇ ತಂತ್ರ. ಕೆಡಲು ಒಳಗೆ ಹೆಚ್ಚೇನೂ ಇಲ್ಲ, ಸೆನ್ಸರ್ ಇಲ್ಲ, ಮುಳ್ಳು ತಡಮಾಡುವುದಿಲ್ಲ. ಕೊಳ್ಳುವಾಗ ಸ್ಕೇಲ್ ಮಾತ್ರ ನೋಡಿ. ಪೆಟ್ರೋಲಿಗೆ ಮೈನಸ್ 1ರಿಂದ ಪ್ಲಸ್ 2 ಬಾರ್ ಸರಿ. ಡೀಸೆಲ್ಲಿಗೆ ಮೈನಸ್ ಕಡೆ ಉಪಯೋಗವೇ ಇಲ್ಲ, 0ಯಿಂದ 2.5 ಬಾರಿನದು ಸಿಕ್ಕರೆ ಅದನ್ನೇ ತಗೊಳ್ಳಿ. ಪಿಎಸ್‌ಐ ಇದ್ದರೆ 14.5 ಅಂದರೆ 1 ಬಾರ್. ಕಪ್ಪು ಗಾಜಿನ ಮಾದರಿ ಫೋಟೋದಲ್ಲಿ ಚೆಂದ, ಏಪ್ರಿಲ್ ಮಧ್ಯಾಹ್ನ ಇಲ್ಲಿನ ಬಿಸಿಲಿಗೆ ಏನೂ ಕಾಣುವುದಿಲ್ಲ. ಬಿಳಿ ಮುಖ, ಕೆಂಪು ಮುಳ್ಳು ಒಳ್ಳೆಯದು.

ಶೋಕಿಗಷ್ಟೇ ಅಲ್ಲದೆ ಕೆಲಸಕ್ಕೂ ಬೇಕಾದವರು ಹಳೆ ಡೀಸೆಲ್ ಇಟ್ಟುಕೊಂಡವರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಹಾಗಾಗಿ ರಸ್ತೆಯಲ್ಲಿರುವ ಸ್ವಿಫ್ಟ್, ಡಿಜೈರ್ ಡೀಸೆಲ್‌ಗಳೆಲ್ಲ ಈಗ ವಯಸ್ಸಾದವು. ಇಂಟರ್‌ಕೂಲರ್ ಹೋಸ್ (ಟರ್ಬೊ ಗಾಳಿ ತಣಿಸುವ ಭಾಗದ ಪೈಪು) ಬಿರುಕು, ಸಡಿಲ ಕ್ಲಿಪ್ಪು, ಸಂಡೂರು, ತೋರಣಗಲ್ಲು ಕಡೆ ಓಡಾಡಿ ಕೆಂಪು ಧೂಳು ತಿಂದ ಏರ್ ಫಿಲ್ಟರ್, ಇವೆಲ್ಲ ಎಂಜಿನ್ ಲೈಟ್ ಹತ್ತುವ ಮೊದಲೇ ಮುಳ್ಳಿನಲ್ಲಿ ಕಾಣುತ್ತವೆ. ಅದು ಸತ್ಯ ಹೇಳುವುದು ಮಾತ್ರ ಒತ್ತಡವನ್ನು ಸರಿಯಾದ ಜಾಗದಿಂದ ತಗೊಂಡರೆ. ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲೇ.

ಪೆಟ್ರೋಲ್ ಟರ್ಬೊ ಸುಲಭ. ಥ್ರಾಟಲ್ ದಾಟಿದ ಮೇಲೆ ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬ್ರೇಕ್ ಬೂಸ್ಟರಿಗೆ ದಪ್ಪ ಹೋಸ್ ಹೋಗುತ್ತದಲ್ಲ, ಅದರಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರುತ್ತದೆ. ಟೀ ಬೀಳಬೇಕಾದದ್ದು ಮ್ಯಾನಿಫೋಲ್ಡಿಗೂ ಆ ವಾಲ್ವಿಗೂ ನಡುವೆ. ವಾಲ್ವಿನ ಆಚೆ ಹಾಕಿದರೆ ಮುಳ್ಳು ವ್ಯಾಕ್ಯೂಮಿನಲ್ಲೇ ಅಂಟಿಕೊಳ್ಳುತ್ತದೆ, ಬೂಸ್ಟ್ ಎಂದೂ ಕಾಣುವುದಿಲ್ಲ. ಸೋರಿದರೆ ಬ್ರೇಕೂ ಗಟ್ಟಿಯಾಗುತ್ತದೆ, ಹಾಗಾಗಿ ಈ ಹೋಸಿಗೆ ಪ್ಲಾಸ್ಟಿಕ್ ಟೀ ಬೇಡವೇ ಬೇಡ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಮ್ಯಾನಿಫೋಲ್ಡಿಗೇ ಕೂತಿರುವ ಗಾಡಿಗಳಿಗೆ ಅದರ ಅಡಿ ಕೂರಿಸುವ ತೆಳು ಅಲ್ಯೂಮಿನಿಯಂ ತಟ್ಟೆ ಬರುತ್ತದೆ, ಪಕ್ಕದಲ್ಲಿ ಹೋಸ್ ಸಿಕ್ಕಿಸುವ ನಿಪ್ಪಲ್ ಇರುತ್ತದೆ. ಹೋಸ್ ಕತ್ತರಿಸುವ ಮಾತೇ ಇಲ್ಲ, ಇದು ಎಲ್ಲಕ್ಕಿಂತ ಸ್ವಚ್ಛ ದಾರಿ. ತಟ್ಟೆ ಎಷ್ಟು ದಪ್ಪವೋ ಸ್ಕ್ರೂ ಮೊದಲಿನದಕ್ಕಿಂತ ಅಷ್ಟು ಹೆಚ್ಚು ಉದ್ದ ಬೇಕು. ಎರಡೂ ಕಡೆ ಓ-ರಿಂಗ್ ಇರಬೇಕು. ಬಿಗಿಯುವುದು ಕೈ ಬಿಗಿ ಮಾತ್ರ, ಮ್ಯಾನಿಫೋಲ್ಡ್ ಪ್ಲಾಸ್ಟಿಕ್ ಅನ್ನುವುದನ್ನು ಮರೆತರೆ ಥ್ರೆಡ್ ಹೋಯಿತು.

ಡೀಸೆಲ್ಲಿನಲ್ಲಿ ಬ್ರೇಕಿನ ವ್ಯಾಕ್ಯೂಮ್ ಮ್ಯಾನಿಫೋಲ್ಡಿನಿಂದ ಬರುವುದಿಲ್ಲ, ಬೇರೆ ಪಂಪಿನಿಂದ ಬರುತ್ತದೆ. ಆ ಹೋಸಿಗೆ ಟೀ ಹಾಕಿದ ಗೇಜ್ ಮೈನಸ್ 0.9 ಹತ್ತಿರ ನಿಂತುಬಿಡುತ್ತದೆ, ಎಷ್ಟು ಅಕ್ಸಿಲರೇಟರ್ ತುಳಿದರೂ ಕದಲುವುದಿಲ್ಲ. ಗೇಜೇ ಡೂಪ್ಲಿಕೇಟ್ ಅಂತ ವಾಪಸ್ ಕಳಿಸುವವರ ಕಥೆ ಬಹಳ ಸಲ ಇಷ್ಟೇ. ಇದಕ್ಕಿಂತ ಅಪಾಯದ್ದು ವೇರಿಯಬಲ್ ಟರ್ಬೊ ಇರುವ ಗಾಡಿಯಲ್ಲಿ ಅದರ ರೆಕ್ಕೆ ತಿರುಗಿಸುವ ಆಕ್ಚುಯೇಟರಿಗೆ ಹೋಗುವ ಸಣ್ಣ ಪೈಪಿಗೆ ಕೈ ಹಾಕುವುದು. ಅಲ್ಲಿ ಚೂರು ಸೋರಿದರೂ ಟರ್ಬೊ ಒಳಗಿನ ರೆಕ್ಕೆಗಳು ಪೂರ್ತಿ ತಿರುಗುವುದಿಲ್ಲ, ಬೂಸ್ಟ್ ಕಡಿಮೆಯಾಗಿ ಗಾಡಿ ಲಿಂಪ್ ಮೋಡಿಗೆ (ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುವ ಸ್ಥಿತಿ) ಹೋಗುತ್ತದೆ. ಗೇಜ್ ಹಾಕಿಸಿಕೊಂಡು ರೋಗ ತಂದುಕೊಂಡಂತೆ.

ಡೀಸೆಲ್ಲಿಗೆ ಸರಿಯಾದ ಜಾಗ ಇಂಟರ್‌ಕೂಲರ್ ದಾಟಿದ ತಣ್ಣನೆಯ ಕಡೆಯ ಪೈಪು, ಅದೂ ಇಜಿಆರ್ ಹೊಗೆ (ಎಂಜಿನ್ನಿಗೆ ವಾಪಸ್ ಬಿಡುವ ಎಕ್ಸಾಸ್ಟ್ ಹೊಗೆ) ಬಂದು ಸೇರುವುದಕ್ಕಿಂತ ಮುಂಚೆ. ಇಜಿಆರ್ ಆದ ಮೇಲೆ ರಂಧ್ರ ಹಾಕಿದರೆ ಮಸಿ ಮತ್ತು ಎಣ್ಣೆ ಸೇರಿ ಕೆಲವೇ ತಿಂಗಳಲ್ಲಿ ನಿಪ್ಪಲ್ ಮುಚ್ಚಿಹೋಗುತ್ತದೆ. ರಂಧ್ರ ಪೈಪಿನ ಮೇಲ್ಭಾಗಕ್ಕೆ ಇರಲಿ, ಹೋಸ್ ಅಲ್ಲಿಂದ ಏರುಮುಖವಾಗಿ ಹೋಗಲಿ. ಟರ್ಬೊ ಪೈಪಿನಲ್ಲಿ ಎಣ್ಣೆಯ ಪಸೆ ಇದ್ದೇ ಇರುತ್ತದೆ, ಅದು ಇಳಿದು ವಾಪಸ್ ಪೈಪಿಗೇ ಹೋಗಬೇಕು, ಡಯಲಿಗಲ್ಲ. ಕೊರೆಯುವಾಗ ಪೈಪನ್ನು ಗಾಡಿಯಿಂದ ಬಿಚ್ಚಲೇಬೇಕು. ಗ್ರೀಸ್ ಹಚ್ಚಿದ ಡ್ರಿಲ್ ಬಿಟ್ ಚೂರನ್ನೆಲ್ಲ ಹಿಡಿಯುತ್ತದೆ ಅಂತ ಕೂತಲ್ಲೇ ಕೊರೆಯುವ ಮೆಕ್ಯಾನಿಕ್ ಇದ್ದಾರೆ. ಹಿಡಿಯದೆ ಉಳಿದ ಒಂದು ಚೂರು ಸಿಲಿಂಡರಿಗೆ ಹೋದರೆ ಸಾಕು.

ಥ್ರೆಡ್ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಗೇಜ್ ಫಿಟಿಂಗ್, ಸೆನ್ಸರ್ ಬಹುಪಾಲು ಅಮೆರಿಕದ ಪೈಪ್ ಥ್ರೆಡ್ಡಾದ 1/8 ಎನ್‌ಪಿಟಿ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ 1/8 ಅಂದರೆ ಕೊಡುವುದು ಬ್ರಿಟಿಷ್ ಪೈಪ್ ಥ್ರೆಡ್ಡಾದ ಬಿಎಸ್‌ಪಿ. ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಬಿಎಸ್‌ಪಿಯಲ್ಲಿ 28. ಒಂದೆರಡು ಸುತ್ತು ಚೆನ್ನಾಗಿ ಕೂತಂತೆ ಅನ್ನಿಸುತ್ತದೆ, ಆಮೇಲೆ ಬಿಗಿಯಾಗುತ್ತದೆ, ಬಿಗಿಯಾಯಿತು ಅಂತ ಬಿಟ್ಟರೆ ಸೋರುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಇದು ಸರಿಹೋಗುವ ಜಾತಿಯಲ್ಲ. ಎನ್‌ಪಿಟಿ ಥ್ರೆಡ್ ಕೊರೆಯುವ ಟ್ಯಾಪಿಗೆ 8.5ರಿಂದ 8.7 ಎಂಎಂ ರಂಧ್ರ ಬೇಕು. ಪೈಪಿನ ಗೋಡೆ 2 ಎಂಎಂ ಇದ್ದರೆ ಥ್ರೆಡ್ ಹಿಡಿಯುವುದು ಎರಡೇ ಸುತ್ತು, ಅದು ನಿಲ್ಲುವುದಿಲ್ಲ. ಲೇಥ್ ಅಂಗಡಿಯಲ್ಲಿ ಚಿಕ್ಕ ಬುಷ್ ಮಾಡಿಸಿ ವೆಲ್ಡ್ ಮಾಡಿಸಿ. ಅಲ್ಯೂಮಿನಿಯಂ ಪೈಪಾದರೆ ಟಿಗ್ ವೆಲ್ಡಿಂಗ್. ರಬ್ಬರ್ ಹೋಸಿಗೆ ತೂತು ಹೊಡೆದು ನಿಪ್ಪಲ್ ತುರುಕಿ ಎಂ-ಸೀಲ್ ಮೆತ್ತುವ ಪದ್ಧತಿ ಕಂಡರೆ ಗಾಡಿ ತಗೊಂಡು ಹೊರಟುಬಿಡಿ.

ಈಗ ಕಿಟ್ಟಿನ ಪೈಪು. ತೆಳು ಪಿವಿಸಿ, ಬಾನೆಟ್ ಒಳಗಿನ ಕಾವಿಗೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಗಟ್ಟಿಯಾಗಿ ಸೀಳುತ್ತದೆ. ಬಳ್ಳಾರಿ ಬೇಸಿಗೆ ಅದಕ್ಕೆ ಒಂದೇ ಸಾಕು. ಬದಲಿಗೆ ಒಳಗೆ 4, ಹೊರಗೆ 8 ಎಂಎಂ ಇರುವ ಸಿಲಿಕಾನ್ ಹೋಸ್ ಎರಡು ಮೀಟರ್, ಹಿತ್ತಾಳೆ ಟೀ ಒಂದು, ಪ್ರತಿ ಜಾಯಿಂಟಿಗೂ ಕ್ಲಿಪ್ಪು. ಡಯಲಿನ ಹಿಂದೆ ನಿಪ್ಪಲ್ ಬದಲು ಥ್ರೆಡ್ ಇರುವ ಮಾದರಿಯಾದರೆ ಇನ್ನೂ ಗಟ್ಟಿ ದಾರಿ ಇದೆ: ಟಿಪ್ಪರುಗಳ ಏರ್ ಲೈನಿಗೆ ಹಾಕುವ ನೈಲಾನ್ ಟ್ಯೂಬು, ಹೊರಗೆ 6, ಒಳಗೆ 4 ಎಂಎಂ. ಅದಿರು ಲಾರಿಗಳ ಊರಲ್ಲಿ ಇದಕ್ಕೆ ಬರವಿಲ್ಲ, ಲಾರಿ ಸ್ಪೇರ್ ಅಂಗಡಿಯಲ್ಲಿ ಫಿಟಿಂಗ್ ಸಮೇತ ಸಿಗುತ್ತದೆ. ಟರ್ಬೊ, ಎಕ್ಸಾಸ್ಟ್ ಹತ್ತಿರ ಮಾತ್ರ ಒಯ್ಯಬೇಡಿ, ಒಂದು ಗೇಣಾದರೂ ದೂರ ಇರಲಿ.

ಕಿಟ್ಟಿನಲ್ಲಿ ಇಲ್ಲದ, ಆದರೆ ಬೇಕೇ ಬೇಕಾದ ವಸ್ತು ರೆಸ್ಟ್ರಿಕ್ಟರ್, ಹೋಸಿನ ದಾರಿ ಕಿರಿದು ಮಾಡುವ ಸಣ್ಣ ತುಂಡು. ಅದಿಲ್ಲದಿದ್ದರೆ ಐಡಲಿಂಗ್‌ನಲ್ಲಿ ಮುಳ್ಳು ನಡುಗುತ್ತಲೇ ಇರುತ್ತದೆ, ಒಳಗಿನ ಹಲ್ಲು ಸವೆಯುತ್ತವೆ. ಹಳೆ ಬೈಕ್ ಕಾರ್ಬೊರೇಟರಿನ ಮೇನ್ ಜೆಟ್, ರಂಧ್ರ ಒಂದು ಎಂಎಂ ಆಸುಪಾಸಿನದು, ಎಂಜಿನ್ ಕಡೆಯ ತುದಿಯಲ್ಲಿ ಹೋಸ್ ಒಳಗೆ ತುರುಕಿದರೆ ಕೆಲಸ ಮುಗಿಯಿತು. ಎಂಜಿನ್ ಕಡೆಗೇ ಯಾಕೆ ಅಂದರೆ, ನಾಳೆ ಹೋಸ್ ಹರಿದರೂ ಸೋರುವುದು ಆ ಸಣ್ಣ ರಂಧ್ರದಷ್ಟೇ.

ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ದಾಟಿಸಲು ಹೊಸ ತೂತು ಬೇಡ. ಮೇನ್ ವೈರಿಂಗ್ ಬರುವ ರಬ್ಬರ್ ಗ್ರೊಮೆಟ್ ಪಕ್ಕದಲ್ಲಿ ದಬ್ಬಳದಿಂದ ಚುಚ್ಚಿ, ಬೈಕಿನ ಕ್ಲಚ್ ಕೇಬಲ್ ಒಳತಂತಿ ತೂರಿಸಿ, ಅದಕ್ಕೆ ಹೋಸ್ ಕಟ್ಟಿ ಎಳೆಯಿರಿ. ಗ್ರೊಮೆಟ್ಟಿಗೆ ಸಿಲಿಕಾನ್ ಗ್ರೀಸ್ ಹಚ್ಚಿದರೆ ಜಾರುತ್ತದೆ. ಎಂಜಿನ್ ಕಡೆ ಹೋಸ್ ಸ್ವಲ್ಪ ಜೋತಾಡುವಂತೆ ಬಿಟ್ಟು ಒಳಗೆ ತನ್ನಿ, ಮಳೆನೀರು ಅದರ ಗುಂಟ ಕ್ಯಾಬಿನ್ನಿಗೆ ಇಳಿಯಬಾರದು. ಆದರೆ ಡೀಸೆಲ್ಲಿನಲ್ಲಿ ಆ ಜೋತು ಪೈಪಿನ ನಿಪ್ಪಲ್ ಮಟ್ಟಕ್ಕಿಂತ ಕೆಳಗೆ ಬಂದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಪೆಡಲ್ ತುಳಿಯುವಾಗ, ಸ್ಟೀರಿಂಗ್ ತಿರುಗಿಸುವಾಗ ತಾಗುವುದಿಲ್ಲ ಅನ್ನುವುದನ್ನು ನೋಡದೆ ಕವರ್ ಮುಚ್ಚಬೇಡಿ.

ಎಂಜಿನ್ ಕಡೆ ಜೋಡಿಸುವ ಮೊದಲು ಸೋರಿಕೆ ಪರೀಕ್ಷೆ ಮಾಡಿ. ಸೋಪಿನ ನೀರು ಡೀಸೆಲ್ಲಿಗೆ ಉಪಯೋಗವಿಲ್ಲ, ಐಡಲಿಂಗ್‌ನಲ್ಲಿ ಒತ್ತಡವೇ ಇರುವುದಿಲ್ಲವಲ್ಲ. ಮೆಡಿಕಲ್ ಅಂಗಡಿಯಿಂದ 20 ಮಿಲಿ ಸಿರಿಂಜ್ ತನ್ನಿ. ಎರಡು ಮೀಟರ್ ಹೋಸಿನಲ್ಲಿ ಹಿಡಿಯುವ ಗಾಳಿ ಸುಮಾರು 25 ಮಿಲಿ. ಗಾಳಿ ತುಂಬಿದ ಸಿರಿಂಜನ್ನು ಹೋಸಿನ ತುದಿಗೆ ಸಿಕ್ಕಿಸಿ ಪೂರ್ತಿ ಒತ್ತಿದರೆ ಮುಳ್ಳು ಮುಕ್ಕಾಲು ಬಾರ್ ಹತ್ತಿರ ಬರಬೇಕು. ಒತ್ತಿ ಹಿಡಿದೇ ಇರಿ, ಒಂದು ನಿಮಿಷ ಮುಳ್ಳು ಇಳಿಯಬಾರದು. ಚಿಲ್ಲರೆ ಕಾಸಿನ ಈ ಕೆಲಸವನ್ನು ಯಾವ ಚೀಟಿಯೂ ಹೇಳುವುದಿಲ್ಲ.

ವೈರಿಂಗ್ ಲೈಟಿಗೆ ಮಾತ್ರ. ಕ್ಯಾಬಿನ್ ಫ್ಯೂಸ್ ಬಾಕ್ಸಿನಲ್ಲಿ 12 ವೋಲ್ಟ್ ಸಾಕೆಟ್ಟಿನ ಫ್ಯೂಸ್ ತೆಗೆದು ಕವಲು ಕೊಡುವ ಫ್ಯೂಸ್ ಟ್ಯಾಪ್ ಹಾಕಿ, ಗೇಜಿನ ಕಡೆ 2 ಆಂಪ್. ಏರ್‌ಬ್ಯಾಗ್, ಎಬಿಎಸ್, ಇಸಿಯು (ಎಂಜಿನ್ ಕಂಪ್ಯೂಟರ್) ಫ್ಯೂಸ್ ಮುಟ್ಟಬೇಡಿ. ಅರ್ಥ್ ಬಣ್ಣ ಕೆರೆದ ಬಾಡಿ ಬೋಲ್ಟಿಗೆ. ಇಷ್ಟೇ.

ಕೂರಿಸುವ ಜಾಗಕ್ಕೆ ಎಲ್ಲರ ಕಣ್ಣೂ ಮುಂದಿನ ಗಾಜಿನ ಪಕ್ಕದ ಎ-ಪಿಲ್ಲರ್ ಮೇಲೆ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಬೇಡ, ಬ್ಯಾಗ್ ಬಿಚ್ಚಿಕೊಂಡಾಗ ಡಯಲ್ ಮುಖಕ್ಕೆ ಬರುತ್ತದೆ. ಸ್ಟೀರಿಂಗ್ ಕಾಲಂ ಮೇಲಿನ ಪಾಡ್ ವಾಸಿ. ಕಿಟ್ಟಿನ ಡಬಲ್ ಟೇಪ್ ಮೇ ತಿಂಗಳಲ್ಲಿ ಜಾರಿ ಡಯಲ್ ಕಾಲ ಬಳಿ ಬೀಳುತ್ತದೆ, ಪೆಡಲ್ ಅಡಿಗೆ ಹೋದರೆ ಗತಿಯೇನು? ಸ್ಕ್ರೂ ಹಾಕಿ, ಇಲ್ಲವೇ ಗಟ್ಟಿ ಅಂಟಿನ ವಿಎಚ್‌ಬಿ ಟೇಪನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಜಾಗಕ್ಕೆ ಒತ್ತಿ ಒಂದು ದಿನ ಬಿಡಿ.

ಎಲೆಕ್ಟ್ರಾನಿಕ್ ಕಿಟ್ ತಗೊಂಡರೆ ಆಗದೇ? ಹೋಸ್ ಕ್ಯಾಬಿನ್ನಿಗೆ ಬರುವುದಿಲ್ಲ, ಸೆನ್ಸರ್ ಎಂಜಿನ್ ಕಡೆಯೇ ಉಳಿಯುತ್ತದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಅಗ್ಗದವು ಸಮುದ್ರಮಟ್ಟದ ಗಾಳಿಯನ್ನೇ ಸೊನ್ನೆ ಅಂದುಕೊಂಡಿರುತ್ತವೆ. ಬಳ್ಳಾರಿ ಸುಮಾರು 490 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ 0.95 ಬಾರ್ ಹತ್ತಿರ. ಕೀ ತಿರುಗಿಸಿ ಎಂಜಿನ್ ಹಚ್ಚದೆ ನೋಡಿದರೆ ಅಂಥ ಗೇಜ್ ಮೈನಸ್ 0.06 ಹತ್ತಿರ ತೋರಿಸುತ್ತದೆ, ಸಂಡೂರಿನಿಂದ ರಾಮಗಡ ಹತ್ತಿದರೆ ಮೈನಸ್ 0.1. ಕೆಟ್ಟಿಲ್ಲ, ಲೆಕ್ಕ ಹಾಗೆ. ಸೆನ್ಸರಿನ ಗ್ರೌಂಡ್ ವೈರನ್ನು ಬಾಡಿಗೆ ಕಟ್ಟಬೇಡಿ, ಗೇಜಿಗೇ ತನ್ನಿ, ಇಲ್ಲವಾದರೆ ಎಸಿ ಹಾಕಿದಾಗೆಲ್ಲ ಮುಳ್ಳು ಜಿಗಿಯುತ್ತದೆ.

ಎಂಜಿನ್ ಮಾಹಿತಿ ಓದುವ ಒಬಿಡಿ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಅಡಾಪ್ಟರ್ ಎಲ್ಲಕ್ಕಿಂತ ಅಗ್ಗ. ಏನೂ ಕತ್ತರಿಸಬೇಕಿಲ್ಲ, ವಾರಂಟಿ ಇರುವ ಗಾಡಿಗೆ ನಮ್ಮ ಸಲಹೆ ಅದೇ. ಮಿತಿ ಎರಡು: ಸೆಕೆಂಡಿಗೆ ಕೆಲವೇ ಸಲ ಬದಲಾಗುತ್ತದೆ, ಮತ್ತು ಸಾಮಾನ್ಯ ಮ್ಯಾಪ್ ಅಂಕಿ 255 ಕಿಲೋಪಾಸ್ಕಲ್ ದಾಟುವುದಿಲ್ಲ. ನಮ್ಮ ಎತ್ತರದಲ್ಲಿ ಅಂದರೆ ಸುಮಾರು 1.6 ಬಾರ್ ಬೂಸ್ಟ್, ಅದಕ್ಕಿಂತ ಮೇಲಿನದು ಕಾಣುವುದೇ ಇಲ್ಲ.

ಹಾಕಿಸುವುದು ಎಲ್ಲಿ? ಸೀಟ್ ಕವರ್, ಸ್ಪೀಕರ್ ಹಾಕುವ ಅಂಗಡಿಯವರ ಕೈ ವೈರಿಂಗಿಗೆ ಪಳಗಿದ್ದು, ಪೈಪಿಗಲ್ಲ. ಪೈಪಿನ ಕೆಲಸ ಡೀಸೆಲ್ ಮೆಕ್ಯಾನಿಕ್ ಮತ್ತು ಲೇಥ್ ಅಂಗಡಿಗೆ ಕೊಡಿ, ಡಯಲ್ ಮತ್ತು ಲೈಟ್ ಅಕ್ಸೆಸರಿ ಅಂಗಡಿಗೆ. ಎಲ್ಲಿಂದ ಒತ್ತಡ ತಗೊಳ್ತೀರಿ ಅಂತ ಮೊದಲೇ ಕೇಳಿ. ಡೀಸೆಲ್ ಗಾಡಿಗೂ ಬ್ರೇಕ್ ಹೋಸ್ ತೋರಿಸಿದರೆ ನಿಮಗೆ ಉತ್ತರ ಸಿಕ್ಕಂತೆ.

ಎಲ್ಲ ಮುಗಿದ ಮೇಲೆ ಬಿಸಿ ಎಂಜಿನ್ನಿನಲ್ಲಿ ನೋಡಿ. ಪೆಟ್ರೋಲ್ ಐಡಲಿಂಗ್‌ನಲ್ಲಿ ಇಲ್ಲಿನ ಎತ್ತರಕ್ಕೆ ಸುಮಾರು ಮೈನಸ್ 0.55ರಿಂದ 0.65 ಬಾರ್, ಡೀಸೆಲ್ ಸೊನ್ನೆ ಆಸುಪಾಸು. ಆಮೇಲೆ ಖಾಲಿ ರಸ್ತೆಯಲ್ಲಿ, ಟಿಪ್ಪರ್ ಸಾಲು ಇಲ್ಲದ ಹೊತ್ತಲ್ಲಿ, ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ತುಳಿದು ಪಕ್ಕದವರಿಗೆ ಮುಳ್ಳು ನೋಡಲು ಹೇಳಿ. ನಿಧಾನ ಏರಿ ಕೊನೆಗೂ ಮೇಲಕ್ಕೆ ಬಾರದೆ ಕಪ್ಪು ಹೊಗೆ ಬಂದರೆ ಇಂಟರ್‌ಕೂಲರ್ ಹೋಸ್ ನೋಡಿ. ಸರ್ರನೆ ಜಿಗಿದು ಪವರ್ ಕಟ್ ಆದರೆ ಟರ್ಬೊ ರೆಕ್ಕೆಗೆ ಮಸಿ ಕಟ್ಟಿದೆ. ಕಾಲು ತೆಗೆದ ಮೇಲೂ ಮುಳ್ಳು ತಡವಾಗಿ ಇಳಿದರೆ ಹೋಸಿನಲ್ಲಿ ಎಣ್ಣೆ. ಗಾಡಿ ಚೆನ್ನಾಗಿ ಎಳೆದು ಮುಳ್ಳು ಮಾತ್ರ ಸೊನ್ನೆಯಲ್ಲಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಹೋಸ್ ಮಡಚಿಕೊಂಡಿದೆ. ಐನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಕ್ಲಿಪ್ಪನ್ನೂ ಇನ್ನೊಂದು ಸಲ ಬಿಗಿಯಿರಿ. ಹೊಸ ಸಿಲಿಕಾನ್ ಮೊದಲ ಕಾವಿಗೆ ಕ್ಲಿಪ್ಪಿನ ಅಡಿ ಸ್ವಲ್ಪ ಅಮುಕಿಕೊಳ್ಳುತ್ತದೆ.