ಐಡಲ್ ಜಾಸ್ತಿ ಅಂತ ಥ್ರಾಟಲ್ ಸ್ಕ್ರೂ ಮುಟ್ಟಲು ಬಿಡಬೇಡಿ

ಶಿರಸಿ, ಸಿದ್ದಾಪುರ ಕಡೆ ಹಳೆ ಎಂಪಿಎಫ್‌ಐ ಜಿಪ್ಸಿ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ ಮಾರುತಿ ಜೀಪು) ಇಟ್ಟುಕೊಂಡವರು ಈಗಲೂ ಇದ್ದಾರೆ. ಹಿಂದೆ ಬಾಡಿ ಕಟ್ಟಿಸಿ ಅಡಿಕೆ ಮೂಟೆ, ಗೊಬ್ಬರ ಹೇರುತ್ತಾರೆ. ನನ್ನದೂ ಅಂಥದ್ದೇ ಗಾಡಿ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಐಡಲ್ (ಎಕ್ಸಲೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಜಾಸ್ತಿ ಅಂತ ಗ್ಯಾರೇಜಿಗೆ ಹೋದಾಗ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಬಾಡಿಗೆ ಕೈ ಹಾಕಿದರೆ ಅಲ್ಲೇ ತಡೆಯಿರಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ರೇಸ್ ಜಾಸ್ತಿ ಇರುವುದು ಸಹಜ. ಬಿಸಿಯಾದ ಮೇಲೆ 800-900 ಆರ್‌ಪಿಎಂ ಆಸುಪಾಸಿಗೆ ಇಳಿಯಬೇಕು. ನನ್ನದು ಇಳಿಯುತ್ತಿರಲಿಲ್ಲ. ಪೇಟೆಯಲ್ಲಿ ಪೆಟ್ರೋಲ್ ಹಾಳು, ಅಷ್ಟೇ. ತೊಂದರೆ ಇದ್ದದ್ದು ದೇವಿಮನೆ ಘಾಟಿಯಲ್ಲಿ. ಎರಡನೇ ಗೇರಿನಲ್ಲಿ ಬಿಟ್ಟರೂ ಎಂಜಿನ್ ಹಿಡಿಯುವುದಿಲ್ಲ, ಗಾಡಿಯನ್ನು ಮುಂದಕ್ಕೇ ನೂಕುತ್ತದೆ. ಲೋಡ್ ಇದ್ದರಂತೂ ಬ್ರೇಕ್ ಒತ್ತಿಕೊಂಡೇ ಇಳಿಯಬೇಕು. ಕೆಳಗೆ ಮುಟ್ಟುವ ಹೊತ್ತಿಗೆ ಸುಟ್ಟ ವಾಸನೆ. ಪೆಡಲ್ ಕೂಡ ಗಟ್ಟಿ.

ಗ್ಯಾರೇಜಿನಲ್ಲಿ ಇದೆಲ್ಲ ಹೇಳಿದೆ. ಬ್ರೇಕ್ ವಿಷಯ ಅವರ ಕಿವಿಗೇ ಹೋಗಲಿಲ್ಲ. ಮೊದಲು, ಐಡಲ್‌ಗೆ ಬೇಕಾದಷ್ಟು ಗಾಳಿ ಬಿಡುವ ಐಡಲ್ ಕಂಟ್ರೋಲ್ ವಾಲ್ವ್ ಬದಲಾಯಿಸಿದರು, ಅದೂ ಸೆಕೆಂಡ್ ಹ್ಯಾಂಡ್. ಇಳಿಯಲಿಲ್ಲ. ಥ್ರಾಟಲ್ ಸೆನ್ಸರ್ ಬದಲಾಯಿಸಿದರು. ಆಗಲೂ ಇಲ್ಲ. ಆಮೇಲೆ ನನ್ನನ್ನು ಕೇಳದೆ ಥ್ರಾಟಲ್ ಪ್ಲೇಟ್ ಪೂರ್ತಿ ಮುಚ್ಚದಂತೆ ತಡೆಯುವ ಸ್ಟಾಪ್ ಸ್ಕ್ರೂ ಹಿಂದಕ್ಕೆ ತಿರುಗಿಸಿದರು. ರೇಸ್ ಕೊಂಚ ಇಳಿಯಿತು. "ಪೂರ್ತಿ ಸರಿ ಆಗ್ಬೇಕಂದ್ರೆ ಇಸಿಎಂ ಹಾಕ್ಬೇಕು ಸರ್, ಅದು ಹೋಗಿದೆ" ಅಂದರು. ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರ್. ಯಾವ ಟೆಸ್ಟ್ ಮಾಡಿ ಹೇಳಿದರೋ! ಬಿಲ್ ಮಾತ್ರ ಸಾವಿರಗಳಲ್ಲಿ ಬಂತು. ಹಳೆ ವಾಲ್ವ್ ಕೇಳಿದರೆ "ಬಿಸಾಕಿದ್ವಿ" ಅಂದರು.

ನಿಜವಾದ ಕಾರಣ ಪತ್ತೆ ಹಚ್ಚಿದ್ದು ಕುಮಟಾದ ಒಬ್ಬ ಹಳೆ ಮೆಕ್ಯಾನಿಕ್. ಅವರು ಮೊದಲು ಕೇಳಿದ್ದೇ, "ಬ್ರೇಕ್ ಒತ್ತಿದ್ರೆ ಎಂಜಿನ್ ಸೌಂಡ್ ಬದಲಾಗ್ತದಾ?" ಬದಲಾಗುತ್ತಿತ್ತು. ಎಂಜಿನ್ ಓಡುತ್ತಿರುವಾಗಲೇ, ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬರುವ ರಬ್ಬರ್ ಪೈಪುಗಳನ್ನು ಇಕ್ಕಳದಿಂದ ಒಂದೊಂದಾಗಿ ಮೆಲ್ಲಗೆ ಹಿಸುಕುತ್ತಾ ಹೋದರು. ಬ್ರೇಕ್ ಬೂಸ್ಟರಿನ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕ್ ಪೆಡಲ್ ಹಗುರ ಮಾಡುವ ಭಾಗ) ಪೈಪ್ ಹಿಸುಕಿದ ಕೂಡಲೇ ರೇಸ್ ಧಡಕ್ಕನೆ ಬಿತ್ತು. ಕ್ಲಿಪ್ಪಿನ ಅಡಿಯಲ್ಲಿ ಪೈಪ್ ಸೀಳಿತ್ತು, ಮೇಲಿಂದ ನೋಡಿದರೆ ಕಾಣುವಂತಿರಲಿಲ್ಲ.

ಲೆಕ್ಕ ಸರಳ. ಈ ಎಂಜಿನ್ನಿನಲ್ಲಿ ಮ್ಯಾಪ್ ಸೆನ್ಸರ್ ಇರುತ್ತದೆ, ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಎಷ್ಟು ಅಂತ ನಿರ್ಧಾರವಾಗುತ್ತದೆ. ಸೀಳಿನಿಂದ ಗಾಳಿ ನುಗ್ಗಿದರೆ ಒತ್ತಡ ಏರುತ್ತದೆ, ಇಸಿಎಂ ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ, ರೇಸ್ ಏರುತ್ತದೆ. ಐಡಲ್ ವಾಲ್ವ್ ಪೂರ್ತಿ ಮುಚ್ಚಿಕೊಂಡರೂ ಹೊರಗಿನ ಗಾಳಿ ನಿಲ್ಲಬೇಕಲ್ವಾ? ವಾಲ್ವ್ ಬದಲಾಯಿಸಿ ಏನು ಪ್ರಯೋಜನ? ಅದೇ ಸೀಳಿನಿಂದ ಬೂಸ್ಟರಿಗೆ ಸಿಗಬೇಕಾದ ವ್ಯಾಕ್ಯೂಮ್ ಕಮ್ಮಿಯಾಗಿ ಪೆಡಲ್ ಗಟ್ಟಿಯಾಗಿತ್ತು. ಅಂದರೆ ಸ್ಕ್ರೂ ತಿರುಗಿಸಿದವರು ಬ್ರೇಕಿನ ತೊಂದರೆಯನ್ನು ಮುಚ್ಚಿ, ನನ್ನನ್ನು ಘಾಟಿಗೆ ಕಳಿಸಿದ್ದರು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ನಂತರ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್, ವಾಲ್ವ್ ನೋಡಿಸದೆ ಘಾಟಿ ಇಳಿಯಬೇಡಿ.

ಪೈಪ್ ಸರಿ ಇದ್ದರೆ ಎಕ್ಸಲೇಟರ್ ಕೇಬಲ್ ಬಿಗಿಯಾಗಿದೆಯಾ ನೋಡಿ. ರೇಡಿಯೇಟರ್ ನೀರನ್ನೂ ನೋಡಿ, ಆದರೆ ಎಂಜಿನ್ ತಣ್ಣಗಿರುವಾಗ ಮಾತ್ರ. ನೀರು ಕಮ್ಮಿಯಾಗಿ ಟೆಂಪರೇಚರ್ ಸೆನ್ಸರ್ ಹತ್ತಿರ ಗಾಳಿ ನಿಂತರೆ, ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಎಂ ರೇಸ್ ಇಳಿಸುವುದೇ ಇಲ್ಲ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಸೆನ್ಸರ್ ಕನೆಕ್ಟರುಗಳ ಪಿನ್ನು ಹಸಿರುಗಟ್ಟುತ್ತವೆ, ಬಿಚ್ಚಿ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ಪೈಪಿಗೆ ಹೋದದ್ದು ಕೆಲವೇ ನೂರು ರೂಪಾಯಿ. ಆದರೆ ಕಥೆ ಮುಗಿಯಲಿಲ್ಲ. ಸ್ಕ್ರೂ ಹಿಂದಕ್ಕೆ ಹೋಗಿದ್ದರಿಂದ ಥ್ರಾಟಲ್ ಪ್ಲೇಟ್ ಗೋಡೆಗೆ ಕಚ್ಚಿಕೊಳ್ಳತೊಡಗಿತು. ಎಕ್ಸಲೇಟರ್ ಮೊದಲು ಹಿಡಿದು, ಆಮೇಲೆ ಜಿಗಿಯುತ್ತದೆ. ಕಂಪನಿ ಸೆಟ್ಟಿಂಗಿಗೆ ತರಲು ಕುಮಟಾದವರು ಇನ್ನೂ ಒದ್ದಾಡುತ್ತಿದ್ದಾರೆ. ನಿಮ್ಮ ಗಾಡಿಯ ಸ್ಕ್ರೂ ಇನ್ನೂ ಯಾರೂ ಮುಟ್ಟಿಲ್ಲವೆಂದರೆ, ಅದರ ಮೇಲೆ ಒಂದು ಚುಕ್ಕೆ ನೇಲ್ ಪಾಲಿಶ್ ಹಚ್ಚಿಡಿ. ಗ್ಯಾರೇಜಿನಿಂದ ಬಂದ ಮೇಲೆ ಅದು ಒಡೆದಿದ್ದರೆ ಗೊತ್ತಾಗುತ್ತದೆ.